ಕುಂಡ ಬದಲಿಸುವುದಕ್ಕೂ ಒಂದು ಮಳೆ ಇದೆ

ಕವಲಂದೆಯ ಯಾವ ಬೀದಿಯಲ್ಲಿ ನಡೆದರೂ ಜಗಲಿಯ ಅಂಚಿನಲ್ಲಿ, ಮಹಡಿ ಮೆಟ್ಟಿಲ ಮೇಲೆ, ನೀರಿನ ತೊಟ್ಟಿಯ ಪಕ್ಕದಲ್ಲಿ ಗಿಡಗಳು ಕಾಣುತ್ತವೆ. ಪೇಂಟ್ ಡಬ್ಬದಲ್ಲಿ ದೊಡ್ಡಪತ್ರೆ, ತೂತು ಬಿದ್ದ ಬಿಂದಿಗೆಯಲ್ಲಿ ಕನಕಾಂಬರ, ಎಣ್ಣೆ ಟಿನ್ನಿನಲ್ಲಿ ಕರಿಬೇವು, ಸಿಮೆಂಟ್ ಕಟ್ಟೆಯಲ್ಲಿ ತುಳಸಿ. ಈಚಿನ ವರ್ಷಗಳಲ್ಲಿ ಮನಿ ಪ್ಲಾಂಟ್, ಸ್ನೇಕ್ ಪ್ಲಾಂಟ್, ಅಂತೂರಿಯಂ ಕೂಡ ಹಜಾರದೊಳಗೆ ಬಂದು ಕೂತಿವೆ. ನೀರು ಹಾಕುವುದನ್ನು ಯಾರೂ ಮರೆಯುವುದಿಲ್ಲ. ಆದರೆ ಈ ಗಿಡ ಈ ಮಣ್ಣಿನಲ್ಲಿ ಎಷ್ಟು ವರ್ಷದಿಂದ ಇದೆ ಎಂದು ಕೇಳಿ ನೋಡಿ. ‘ತಂದಾಗಿಂದ ಅಲ್ಲೇ ಅದೆ’ ಎನ್ನುತ್ತಾರೆ.

ಕುಂಡ ಬದಲಿಸುವ ವಿಷಯಕ್ಕೆ ಬಂದರೆ ತೋಟಗಾರಿಕೆಯ ಪುಸ್ತಕಗಳೂ ಮೊಬೈಲಿನ ವಿಡಿಯೊಗಳೂ ಸಾಮಾನ್ಯವಾಗಿ ಒಂದೇ ಕಾಲವನ್ನು ಹೇಳುತ್ತವೆ: ವಸಂತದಲ್ಲಿ, ಅಂದರೆ ಮಾರ್ಚ್ ಆಸುಪಾಸಿನಲ್ಲಿ ಮಾಡಿ. ಇಂಗ್ಲೆಂಡಿಗೆ ಈ ಮಾತು ಸರಿ. ನಂಜನಗೂಡು ಸೀಮೆಗೆ ಇದು ತಪ್ಪು ಎಂದು ಖಡಾಖಂಡಿತವಾಗಿ ಹೇಳುತ್ತೇನೆ. ಇಲ್ಲಿ ಮಾರ್ಚ್ ಎಂದರೆ ನಂಜುಂಡೇಶ್ವರನ ದೊಡ್ಡಜಾತ್ರೆಯ ತಯಾರಿ ನಡೆಯುವ ಹೊತ್ತು, ಹತ್ತು ಗಂಟೆಗೇ ಕಾಲಿಡಲಾಗದಂತೆ ನೆಲ ಕಾಯುವ ಹೊತ್ತು. ಯುಗಾದಿಗೆ ಮನೆ ಸುಣ್ಣ ಬಣ್ಣ ಕಾಣುವಾಗ ಗಿಡಗಳಿಗೂ ಹೊಸ ಕುಂಡ ಆಗಿಬಿಡಲಿ ಎಂದು ಕಿತ್ತು ನೆಟ್ಟರೆ ವಾರದೊಳಗೆ ಅರ್ಧ ಗಿಡಗಳು ತಲೆ ಬಾಗಿಸುತ್ತವೆ.

ಇದರ ಕಾರಣ ಬೆಳಕಿನಲ್ಲೂ ಇದೆ, ಗಾಳಿಯಲ್ಲೂ ಇದೆ. ಲಂಡನ್ನಿನಲ್ಲಿ ಡಿಸೆಂಬರಿನ ಹಗಲು 8 ಗಂಟೆಗೂ ಕಡಿಮೆ, ಜೂನಿನ ಹಗಲು 16 ಗಂಟೆಗೂ ಹೆಚ್ಚು. ಕತ್ತಲು, ಚಳಿಯಲ್ಲಿ ಸ್ತಬ್ಧವಾಗಿದ್ದ ಗಿಡ ಮಾರ್ಚ್‌ನಲ್ಲಿ ಬೆಳಕು ಹೆಚ್ಚಿದಂತೆ ಚಿಗುರತೊಡಗುತ್ತದೆ. ಬೇರು ಮುಟ್ಟಿದರೆ ಬೇಗ ಸುಧಾರಿಸಿಕೊಳ್ಳುವ ಕಾಲ ಅಲ್ಲಿ ಅದೇ. ನಾವಿರುವುದು 12 ಡಿಗ್ರಿ ಅಕ್ಷಾಂಶದಲ್ಲಿ. ವರ್ಷದ ಅತಿ ಉದ್ದದ ಹಗಲಿಗೂ ಅತಿ ಗಿಡ್ಡ ಹಗಲಿಗೂ ಇಲ್ಲಿ ಒಂದೂವರೆ ಗಂಟೆಯಷ್ಟೇ ಅಂತರ. ನಮ್ಮ ಗಿಡಗಳಿಗೆ ಬೆಳಕಿನ ಬರ ಇಲ್ಲ. ಅವುಗಳ ಬೆಳವಣಿಗೆಯನ್ನು ಹಿಡಿದು ನಿಲ್ಲಿಸುವುದು ಒಣಹವೆ.

ಗಿಡ ನೀರು ಕುಡಿಯುವುದು ನಮ್ಮ ಕಣ್ಣಿಗೆ ಕಾಣುವ ದಪ್ಪ ಬೇರುಗಳಿಂದ ಅಲ್ಲ. ಬೇರಿನ ತುದಿಯ ಹಿಂದೆ ಹುಟ್ಟುವ, ಬರಿಗಣ್ಣಿಗೆ ಸರಿಯಾಗಿ ಕಾಣದಷ್ಟು ಸಣ್ಣ ಬೇರುರೋಮಗಳಿಂದ. 1937ರಲ್ಲಿ ಅಮೆರಿಕದ ಹೊವಾರ್ಡ್ ಡಿಟ್ಮರ್ ಎಂಬ ಸಸ್ಯವಿಜ್ಞಾನಿ ನಾಲ್ಕು ತಿಂಗಳು ಬೆಳೆದ ಒಂದೇ ಒಂದು ರೈ ಗಿಡದ ಬೇರುಗಳನ್ನು ತೊಳೆದು ಲೆಕ್ಕ ಹಾಕಿದರು. ಬೇರಿನ ಒಟ್ಟು ಉದ್ದ ಸುಮಾರು 620 ಕಿಲೋಮೀಟರ್, ಬೇರುರೋಮಗಳು ಸುಮಾರು 1,400 ಕೋಟಿ. ಗಿಡವನ್ನು ಕುಂಡದಿಂದ ಎಷ್ಟೇ ಜೋಪಾನವಾಗಿ ಎತ್ತಿದರೂ ಈ ರೋಮಗಳಲ್ಲಿ ಹೆಚ್ಚಿನವು ಹರಿದುಹೋಗುತ್ತವೆ. ಹೊಸವು ಹುಟ್ಟುವವರೆಗೆ ಗಿಡಕ್ಕೆ ಬರುವ ನೀರು ಕಡಿಮೆ. ಎಲೆಗಳಿಂದ ಆವಿಯಾಗಿ ಹೋಗುವ ನೀರು ಮಾತ್ರ ಕಡಿಮೆಯಾಗುವುದಿಲ್ಲ, ಒಣಹವೆಯಿದ್ದಷ್ಟೂ ಹೆಚ್ಚುತ್ತದೆ. ಮಾರ್ಚ್, ಏಪ್ರಿಲ್‌ನಲ್ಲಿ ಕುಂಡ ಬದಲಿಸಿದ ಗಿಡ ನೀರಿದ್ದೂ ಬಾಡುವುದು ಇದಕ್ಕೇ. ಗಾಳಿಯಲ್ಲಿ ತೇವ ಇದ್ದು, ಮಣ್ಣು ಬೆಚ್ಚಗಿದ್ದು, ಬಿಸಿಲು ಮೋಡದ ಮರೆಯಲ್ಲಿರುವ ದಿನಗಳಲ್ಲಿ ಅದೇ ಗಿಡ ಸುಧಾರಿಸಿಕೊಳ್ಳುತ್ತದೆ.

ಅಂಥ ದಿನಗಳು ನಮ್ಮಲ್ಲಿ ವರ್ಷಕ್ಕೆ ಎರಡು ಬಾರಿ ಬರುತ್ತವೆ. ಮೈಸೂರು ಜಿಲ್ಲೆಯ ದಕ್ಷಿಣ ಭಾಗ ಮಲೆನಾಡಿನ ಹಾಗೆ ಜೂನ್, ಜುಲೈಯಲ್ಲಿ ಸುರಿಸಿಕೊಳ್ಳುವ ಸೀಮೆಯಲ್ಲ. ಮಳೆ ಜೋರಾಗುವುದು ಮೇ ತಿಂಗಳಲ್ಲಿ ಒಮ್ಮೆ, ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಇನ್ನೊಮ್ಮೆ. ನಡುವಿನ ಆಷಾಢದಲ್ಲಿ ಮೋಡ ಓಡಾಡುತ್ತದೆ, ಹನಿ ಉದುರುತ್ತದೆ, ಆದರೆ ಬೀಸುವ ಗಾಳಿಗೆ ಮಣ್ಣಿನ ಕುಂಡ ಸಂಜೆಯೊಳಗೆ ಒಣಗಿರುತ್ತದೆ. ಆದ್ದರಿಂದ ಹೊಲ ಉಳುವವರು ನೋಡುವ ಪಂಚಾಂಗವನ್ನೇ ಗಿಡದವರೂ ನೋಡುವುದು ಒಳ್ಳೆಯದು. ಮೇ 11ರ ಸುಮಾರಿಗೆ ಹುಟ್ಟುವ ಕೃತ್ತಿಕೆ ಮಳೆ ಒಂದೆರಡು ಸಲ ಹದವಾಗಿ ಬಿದ್ದ ಮೇಲೆ, ರೋಹಿಣಿ ಕಳೆದು ಜೂನ್ ಎರಡನೆಯ ವಾರ ಮೃಗಶಿರ ಹುಟ್ಟುವವರೆಗಿನ ದಿನಗಳು ಮೊದಲ ಅವಕಾಶ. ಆಗ ತಪ್ಪಿದರೆ ಸೆಪ್ಟೆಂಬರಿನ ಪುಬ್ಬೆ, ಉತ್ತರೆ ಮಳೆಗಳ ಕಾಲ. ಡಿಸೆಂಬರ್, ಜನವರಿಯ ಚಳಿಯಲ್ಲಿ ಗಿಡ ಸಾಯುವುದಿಲ್ಲ, ಆದರೆ ಬೇರು ನಿಧಾನ, ಒದ್ದೆ ಮಣ್ಣು ವಾರಗಟ್ಟಲೆ ಆರುವುದಿಲ್ಲ. ಅದನ್ನು ಬಿಟ್ಟುಬಿಡಿ.

ಹಾಗಾದರೆ ಬೇಸಿಗೆಯಲ್ಲಿ ಕೈಕಟ್ಟಿ ಕೂರಬೇಕೇ? ಬೇಸಿಗೆ ಮಣ್ಣಿನ ಕೆಲಸಕ್ಕೆ. ಅದನ್ನು ಮುಂದೆ ಹೇಳುತ್ತೇನೆ. ಅದಕ್ಕೆ ಮೊದಲು, ಯಾವ ಗಿಡಕ್ಕೆ ಕುಂಡ ಬದಲಿಸಬೇಕು ಎಂಬುದು ಗೊತ್ತಾಗಬೇಕು.

ಎಲೆ ಹಳದಿಯಾದದ್ದನ್ನು ನೋಡಿ ತೀರ್ಮಾನಕ್ಕೆ ಬರಬಾರದು. ಎಲೆ ಹಳದಿಯಾಗುವುದಕ್ಕೆ ಹತ್ತು ಕಾರಣಗಳಿವೆ, ಮನೆಯೊಳಗಿನ ಗಿಡಗಳಲ್ಲಿ ಬಹುಪಾಲು ಸಲ ಅದು ನೀರು ಹೆಚ್ಚಾಗಿದ್ದರಿಂದ. ‘ಅಕ್ಕಾ, ನೀರು ಹಾಕ್ದಷ್ಟೂ ಬಾಡ್ತಾ ಅದೆ ಕಣಕ್ಕ’ ಎಂದು ಯಾರಾದರೂ ಹೇಳಿದರೆ ಮೊದಲು ಆ ನೀರು ಎಲ್ಲಿಗೆ ಹೋಗುತ್ತಿದೆ ಎಂದು ನೋಡಬೇಕು. ಹಾಕಿದ ಕ್ಷಣವೇ ತಳದಿಂದ ಸೋರಿಹೋಗುತ್ತಿದ್ದರೆ, ಬೆಳಿಗ್ಗೆ ನೆನೆದ ಕುಂಡ ಮಧ್ಯಾಹ್ನಕ್ಕೆ ಒಣಗುತ್ತಿದ್ದರೆ, ಬೇರು ತೂತಿನಿಂದ ಹೊರಬಂದು ಜಗಲಿಯ ನೆಲಕ್ಕೆ ಅಂಟಿದ್ದರೆ, ಗಿಡ ಮಣ್ಣಿನ ಸಮೇತ ಕುಂಡದಿಂದ ಮೇಲೆದ್ದಿದ್ದರೆ ಒಳಗೆ ಜಾಗ ಮುಗಿದಿದೆ. ಸ್ನೇಕ್ ಪ್ಲಾಂಟ್ ಇನ್ನೂ ಬಿಗಿ, ಅದು ಪ್ಲಾಸ್ಟಿಕ್ ಕುಂಡವನ್ನೇ ಸೀಳುತ್ತದೆ. ಇವು ಯಾವುವೂ ಇಲ್ಲದಿದ್ದರೆ, ಕುಂಡ ಹಿಂದಿನ ದಿನದ ನೀರಿನಿಂದ ಇನ್ನೂ ತಣ್ಣಗೆ ಒದ್ದೆಯಾಗಿದ್ದರೆ, ದೊಡ್ಡ ಕುಂಡ ಕೊಡುವುದು ಕಾಯಿಲೆಯನ್ನು ಹೆಚ್ಚಿಸಿದಂತೆ.

ಖಚಿತವಾಗಿ ತಿಳಿಯುವ ದಾರಿ ಒಂದೇ: ತೆಗೆದು ನೋಡುವುದು. ಇದಕ್ಕೆ ಹೆದರುವವರೇ ಹೆಚ್ಚು. ಹಿಂದಿನ ದಿನ ಸಂಜೆ ಗಿಡಕ್ಕೆ ನೀರು ಹಾಕಿಡಿ. ಮಾರನೆಯ ದಿನ ಬಿಸಿಲು ಇಳಿದ ಮೇಲೆ ಕಾಂಡದ ಬುಡವನ್ನು ಎರಡು ಬೆರಳ ಸಂದಿಯಲ್ಲಿ ಹಿಡಿದು, ಅಂಗೈಯಿಂದ ಮಣ್ಣನ್ನು ಮುಚ್ಚಿ, ಕುಂಡವನ್ನು ತಲೆಕೆಳಗು ಮಾಡಿ ಅದರ ಅಂಚನ್ನು ಜಗಲಿಯ ಕಲ್ಲಿಗೆ ಮೆಲ್ಲನೆ ಕುಟ್ಟಿ. ಬರದಿದ್ದರೆ ಹಳೆಯ ಚಾಕುವನ್ನು ಒಳಗೋಡೆಯ ಸುತ್ತ ಒಮ್ಮೆ ಆಡಿಸಿ. ಕಾಂಡ ಹಿಡಿದು ಎಳೆಯಬೇಡಿ. ಮಣ್ಣುಗಡ್ಡೆ ಇಡಿಯಾಗಿ ಕೈಗೆ ಬರುತ್ತದೆ. ಮೂರು ವರ್ಷ ಮುಟ್ಟದ ಮನಿ ಪ್ಲಾಂಟ್ ಆದರೆ ಮಣ್ಣೇ ಕಾಣುವುದಿಲ್ಲ. ಕುಂಡದ ಆಕಾರದಲ್ಲೇ ಸುತ್ತುಸುತ್ತಿಕೊಂಡ ಬೇರು, ತಳದಲ್ಲಿ ಬೆರಳು ದಪ್ಪ ಒತ್ತಾಗಿ ಹೆಣೆದುಕೊಂಡಿರುತ್ತದೆ. ಒಳ್ಳೆಯ ಬೇರು ಬಿಳಿ ಅಥವಾ ತಿಳಿ ಕಂದು, ಒತ್ತಿದರೆ ಗಟ್ಟಿ, ಮಳೆಮಣ್ಣಿನ ವಾಸನೆ. ಕೊಳೆತದ್ದು ಕಪ್ಪು, ಹಿಡಿದರೆ ಸಿಪ್ಪೆ ಜಾರಿ ಒಳಗಿನ ನಾರು ಮಾತ್ರ ಬೆರಳಿನಲ್ಲಿ ಉಳಿಯುತ್ತದೆ, ಚರಂಡಿ ನಾತ. ಮೊದಲನೆಯದಕ್ಕೆ ದೊಡ್ಡ ಕುಂಡ ಬೇಕು. ಎರಡನೆಯದಕ್ಕೆ ಕೊಳೆತದ್ದನ್ನು ಕತ್ತರಿಸಿ ಹೊಸ ಮಣ್ಣಿನಲ್ಲಿ, ಅದೇ ಅಥವಾ ಇನ್ನೂ ಚಿಕ್ಕ ಕುಂಡ ಸಾಕು. ಬೇರು ಗೋಡೆ ಮುಟ್ಟದೆ ಮಣ್ಣು ಸಡಿಲವಾಗಿ ಉದುರಿದರೆ ಇದ್ದಲ್ಲೇ ಮತ್ತೆ ಇಟ್ಟುಬಿಡಿ, ಇನ್ನೊಂದು ವರ್ಷ ಅದಕ್ಕೆ ಏನೂ ಬೇಡ.

ಸುತ್ತಿಕೊಂಡ ಬೇರನ್ನು ಹಾಗೆಯೇ ಹೊಸ ಕುಂಡಕ್ಕೆ ಇಳಿಸುವುದು ಅನೇಕರು ಮಾಡುವ ತಪ್ಪು. ಬೇರು ಹೊಸ ಮಣ್ಣಿಗೆ ತಾನಾಗಿ ದಾರಿ ಹುಡುಕುವುದು ನಿಧಾನ, ಹಳೆಯ ಸುತ್ತಿನಲ್ಲೇ ಬೆಳೆಯುತ್ತ ಹೋಗುತ್ತದೆ. ತಳದ ಹೆಣಿಗೆಯನ್ನು ಬೆರಳಿನಿಂದ ಬಿಡಿಸಿ, ಬಿಡಿಸಲಾಗದಿದ್ದರೆ ಚಾಕುವಿನಿಂದ ಮೂರು ನಾಲ್ಕು ಕಡೆ ಮೇಲಿಂದ ಕೆಳಗೆ ಗೀರಿ. ಗೀರಿದ ಜಾಗದಿಂದ ಕವಲೊಡೆದ ಹೊಸ ಬೇರು ಹೊರಗೆ ಚಾಚುತ್ತದೆ.

ಇನ್ನು ಕುಂಡದ ಗಾತ್ರ. 2012ರಲ್ಲಿ ಜರ್ಮನಿಯಲ್ಲಿ ಕೆಲಸ ಮಾಡುತ್ತಿದ್ದ ಸಸ್ಯವಿಜ್ಞಾನಿ ಹೆಂಡ್ರಿಕ್ ಪೂರ್ಟರ್ ಮತ್ತು ಸಂಗಡಿಗರು ಕುಂಡದ ಗಾತ್ರದ ಬಗ್ಗೆ ಬೇರೆ ಬೇರೆಯವರು ನಡೆಸಿದ್ದ 65 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಕುಂಡದ ಗಾತ್ರ ಇಮ್ಮಡಿಯಾದರೆ ಗಿಡದ ಬೆಳವಣಿಗೆ ಸರಾಸರಿ 43% ಹೆಚ್ಚುತ್ತದೆ ಎಂದು ಕಂಡುಬಂತು. ಬೇರಿಗೆ ಜಾಗ ಸಾಲದಾದಾಗ ಎಲೆಗಳ ಆಹಾರ ತಯಾರಿಕೆಯೇ ಕುಗ್ಗುತ್ತದೆ ಎಂಬುದು ಅವರ ವಿವರಣೆ. ಇದನ್ನು ಓದಿ ಎಲ್ಲಕ್ಕೂ ಬಕೆಟ್ ಗಾತ್ರದ ಕುಂಡ ತರಬೇಡಿ. ಬಿಸಿಲಿನಲ್ಲಿ ನಿಂತು ಭರದಿಂದ ನೀರು ಕುಡಿಯುವ ಟೊಮೆಟೊ, ಮೆಣಸಿನಕಾಯಿ, ದಾಸವಾಳಕ್ಕೆ ಈ ಲೆಕ್ಕ ಚೆನ್ನಾಗಿ ಹೊಂದುತ್ತದೆ, ಅವನ್ನು ನೇರವಾಗಿ ದೊಡ್ಡ ಕುಂಡಕ್ಕೆ ಹಾಕಬಹುದು. ಹಜಾರದ ಮೂಲೆಯಲ್ಲಿ ಮಂದ ಬೆಳಕಿನಲ್ಲಿರುವ ಗಿಡ ದಿನಕ್ಕೆ ಕುಡಿಯುವುದೇ ಬಹಳ ಕಡಿಮೆ. ಅದರ ಬೇರು ಮುಟ್ಟದ ಮಣ್ಣಿನಲ್ಲಿ ನೀರು ನಿಂತೇ ಇರುತ್ತದೆ, ಗಾಳಿಯಾಡುವ ಸಂದುಗಳೆಲ್ಲ ಮುಚ್ಚಿಹೋಗುತ್ತವೆ, ಬೇರು ಉಸಿರುಗಟ್ಟಿ ಕೊಳೆಯುತ್ತದೆ. ಒಳಾಂಗಣದ ಗಿಡಕ್ಕೆ ಹಳೆಯ ಕುಂಡಕ್ಕಿಂತ ಒಂದೆರಡು ಇಂಚು ಅಗಲವಾದದ್ದು ಸಾಕು.

ತಳಕ್ಕೆ ಜಲ್ಲಿ ಹಾಕುವ ಪದ್ಧತಿ ಎಲ್ಲ ಕಡೆ ಇದೆ. ನೀರು ಚೆನ್ನಾಗಿ ಬಸಿಯಲಿ ಎಂಬ ಉದ್ದೇಶ ಒಳ್ಳೆಯದೇ, ಆದರೆ ಆಗುವುದು ತದ್ವಿರುದ್ಧ. ಸಣ್ಣ ಕಣದ ಮಣ್ಣಿನಲ್ಲಿರುವ ನೀರು ಕೆಳಗಿನ ದೊಡ್ಡ ಜಲ್ಲಿಗೆ ಇಳಿಯುವುದು ಆ ಮಣ್ಣು ಪೂರ್ತಿ ತುಂಬಿ ತುಳುಕಿದ ಮೇಲೆಯೇ. ಹಾಗಾಗಿ ಜಲ್ಲಿ ಹಾಕಿದ ಕುಂಡದಲ್ಲಿ ಕೆಸರಿನ ಪದರ ತಳ ಬಿಟ್ಟು ಮೇಲಕ್ಕೆ, ಬೇರಿಗೆ ಇನ್ನೂ ಹತ್ತಿರ ಬರುತ್ತದೆ. ಪಾತ್ರೆ ತೊಳೆಯುವ ಸ್ಪಂಜನ್ನು ನೆನೆಸಿ ಅಂಗೈ ಮೇಲೆ ಮಲಗಿಸಿ ಹಿಡಿಯಿರಿ. ತೊಟ್ಟಿಕ್ಕುವುದು ನಿಂತ ಮೇಲೆ ಉದ್ದಕ್ಕೆ ನಿಲ್ಲಿಸಿ, ಮತ್ತಷ್ಟು ನೀರು ಸುರಿಯುತ್ತದೆ. ಮಣ್ಣಿನ ಎತ್ತರ ಹೆಚ್ಚಿದಷ್ಟೂ ನೀರು ಬಸಿಯುತ್ತದೆ, ಜಲ್ಲಿ ಆ ಎತ್ತರವನ್ನು ಕದಿಯುತ್ತದೆ. ತೂತಿನ ಮೇಲೆ ಒಂದೇ ಒಂದು ಹೆಂಚಿನ ಚೂರು ಬೋರಲು ಇಟ್ಟರೆ ಮಣ್ಣು ಕೊಚ್ಚಿಹೋಗುವುದಿಲ್ಲ, ಅಷ್ಟು ಸಾಕು. ಪೇಂಟ್ ಡಬ್ಬಕ್ಕೆ, ಎಣ್ಣೆ ಟಿನ್ನಿಗೆ ನಾಲ್ಕೈದು ತೂತು ಇರಲೇಬೇಕು. ತೂತಿಲ್ಲದ ಚಂದದ ಪಿಂಗಾಣಿ ಕುಂಡವನ್ನು ಯಾರಾದರೂ ಉಡುಗೊರೆ ಕೊಟ್ಟಿದ್ದರೆ ಅದರೊಳಗೆ ತೂತಿರುವ ಇನ್ನೊಂದು ಕುಂಡ ಇಡಿ.

ಮಣ್ಣಿನ ಕುಂಡ ನನ್ನ ಮೊದಲ ಆಯ್ಕೆ. ಗೋಡೆಯಿಂದಲೂ ತೇವ ಆರುವುದರಿಂದ ನೀರು ಹೆಚ್ಚಾದರೂ ತಡೆದುಕೊಳ್ಳುತ್ತದೆ. ಹೊಸದನ್ನು ರಾತ್ರಿಯಿಡೀ ನೀರಿನಲ್ಲಿ ನೆನೆಸಿಡಬೇಕು, ಇಲ್ಲದಿದ್ದರೆ ನೆಟ್ಟ ದಿನವೇ ಹೊಸ ಮಣ್ಣಿನ ತೇವವನ್ನೆಲ್ಲ ತಾನೇ ಹೀರಿಕೊಳ್ಳುತ್ತದೆ. ಹೊರಗೋಡೆಯ ಮೇಲೆ ಬಿಳಿ ಪುಡಿ ಕೂತಿದ್ದರೆ ಅದು ಕೊಳವೆ ಬಾವಿಯ ಗಡುಸು ನೀರಿನ ಉಪ್ಪು. ಒಳಗಿನ ಮಣ್ಣಿನಲ್ಲೂ ಅದೇ ಸೇರಿರುತ್ತದೆ, ಮಣ್ಣು ಬದಲಿಸಲು ಅದೂ ಒಂದು ಕಾರಣ.

ಈಗ ಬೇಸಿಗೆಯ ಕೆಲಸಕ್ಕೆ ಬರೋಣ. ನಂಜನಗೂಡು, ಚಾಮರಾಜನಗರದ ಕಡೆ ಕೆಮ್ಮಣ್ಣೂ ಇದೆ, ಎರೆಮಣ್ಣೂ ಇದೆ. ಹೊಲದಲ್ಲಿ ಎರಡೂ ಬೆಳೆ ಕೊಡುತ್ತವೆ. ಕುಂಡದಲ್ಲಿ ಎರಡೂ ಒಂಟಿಯಾಗಿ ನಡೆಯುವುದಿಲ್ಲ. ಹೊಲದ ಮಣ್ಣನ್ನು ಎರೆಹುಳು, ಹಳೆಯ ಬೇರಿನ ದಾರಿ, ಉಳುಮೆ ಸಡಿಲವಾಗಿ ಇಡುತ್ತವೆ. ಕುಂಡದಲ್ಲಿ ಇವು ಯಾವುವೂ ಇಲ್ಲ, ದಿನವೂ ಮೇಲಿಂದ ಬೀಳುವ ನೀರಿಗೆ ಮಣ್ಣು ಇಳಿದು ಗಟ್ಟಿ ಹೆಂಟೆಯಾಗುತ್ತದೆ. ಎರೆಮಣ್ಣಂತೂ ನೆನೆದರೆ ಉಬ್ಬಿ, ಒಣಗಿದರೆ ಬಿರಿದು ಬೇರನ್ನೇ ಹರಿಯುತ್ತದೆ. ಕುಂಡಕ್ಕೆ ಕೆಮ್ಮಣ್ಣೇ ವಾಸಿ, ಅದಕ್ಕೂ ಗಾಳಿಯಾಡುವ ಪದಾರ್ಥ ಬೆರೆಸಲೇಬೇಕು.

ಆ ಪದಾರ್ಥಗಳಿಗೆ ಮೈಸೂರಿನ ಅಂಗಡಿಗೆ ಹೋಗಿ ಚೀಲಕ್ಕೆ ನೂರಾರು ರೂಪಾಯಿ ಕೊಡಬೇಕಿಲ್ಲ. ತಿ. ನರಸೀಪುರದ ಕಡೆಯ ಅಕ್ಕಿ ಗಿರಣಿಗಳಲ್ಲಿ ಭತ್ತದ ಹೊಟ್ಟು ಸಿಗುತ್ತದೆ. ಅರೆಬರೆ ಸುಟ್ಟು ಕರಕಲು ಮಾಡಿದ ಹೊಟ್ಟು ಹಗುರ, ಬೇಗ ಕೊಳೆಯುವುದಿಲ್ಲ. ತೆಂಗಿನ ನಾರಿನ ಪುಡಿ ನೀರು ಹಿಡಿದಿಟ್ಟುಕೊಂಡೇ ಗಾಳಿಗೂ ಜಾಗ ಬಿಡುತ್ತದೆ, ಆದರೆ ಅದರಲ್ಲಿ ಉಪ್ಪು ಇರುವುದರಿಂದ ಎರಡು ಮೂರು ನೀರಿನಲ್ಲಿ ನೆನೆಸಿ ಹಿಂಡಿ ಬಳಸಬೇಕು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಇದನ್ನು ಹುದುಗಿಸಿ ಸಿದ್ಧಪಡಿಸುವ ವಿಧಾನವನ್ನು ‘ಅರ್ಕಾ ಫರ್ಮೆಂಟೆಡ್ ಕೋಕೋಪೀಟ್’ ಎಂಬ ಹೆಸರಿನಲ್ಲಿ ರೂಪಿಸಿದೆ. ಎಂ-ಸ್ಯಾಂಡ್ ಬಳಸುವುದಾದರೆ ಜರಡಿ ಹಿಡಿದು ತೊಳೆದು ದೂಳನ್ನು ತೆಗೆಯಿರಿ, ಆ ದೂಳೇ ಮಣ್ಣಿನ ಸಂದು ಮುಚ್ಚುವುದು. ಗೊಬ್ಬರಕ್ಕೆ ಕೊಟ್ಟಿಗೆ ಗೊಬ್ಬರವೇ ರಾಜ, ಅದು ಮುಟ್ಟಿದರೆ ಪುಡಿಯಾಗುವಷ್ಟು ಕಳಿತಿರಬೇಕು. ರೇಷ್ಮೆ ಸಾಕುವ ಮನೆಗಳಲ್ಲಿ ಸಿಗುವ ಹುಳುವಿನ ಹಿಕ್ಕೆಯೂ ಒಳ್ಳೆಯ ಗೊಬ್ಬರ, ಹಸಿಯಾಗಿ ಹಾಕಿದರೆ ಮಾತ್ರ ಬಿಸಿಗೆ ಬೇರು ಸುಡುತ್ತದೆ. ನಾನು ಹೇಳುವ ಅಳತೆ ಇಷ್ಟು: ಎರಡು ಬೊಗಸೆ ಕೆಮ್ಮಣ್ಣು, ಒಂದು ಬೊಗಸೆ ಕಳಿತ ಗೊಬ್ಬರ, ಒಂದು ಬೊಗಸೆ ಹೊಟ್ಟು ಅಥವಾ ನಾರಿನ ಪುಡಿ, ಒಂದು ಹಿಡಿ ಬೇವಿನ ಹಿಂಡಿ. ಲೋಳೆಸರ, ಸ್ನೇಕ್ ಪ್ಲಾಂಟ್‌ಗೆ ಗೊಬ್ಬರ ಅರ್ಧ ಮಾಡಿ ಮರಳು ಸೇರಿಸಿ. ಬೆರೆಸಿದ್ದನ್ನು ಮುಷ್ಟಿಯಲ್ಲಿ ಒತ್ತಿ ಬಿಟ್ಟರೆ ಉಂಡೆಯಾಗಿ, ಬೆರಳಿನಿಂದ ತಟ್ಟಿದರೆ ಉದುರಬೇಕು.

ಹಳೆಯ ಕುಂಡದ ಮಣ್ಣನ್ನು ಎಸೆಯಬೇಡಿ, ಹಾಗೆಯೇ ಮತ್ತೆ ಬಳಸಲೂ ಬೇಡಿ. ಮಣ್ಣಿನಲ್ಲಿ ರೋಗ ಉಳಿಯುತ್ತದೆ ಎಂಬುದನ್ನು ನಂಜನಗೂಡಿನವರಿಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ. ಭೌಗೋಳಿಕ ಸೂಚಕ ಮಾನ್ಯತೆ ಪಡೆದ ನಮ್ಮ ರಸಬಾಳೆಯ ತೋಟಗಳನ್ನು ಬರಿದು ಮಾಡಿದ್ದು ಪನಾಮಾ ಸೊರಗು ರೋಗ. ಅದರ ಶಿಲೀಂಧ್ರ ಬಾಳೆ ಇಲ್ಲದಿದ್ದರೂ ಮಣ್ಣಿನಲ್ಲಿ ದಶಕಗಟ್ಟಲೆ ಬದುಕಿರುತ್ತದೆ. ಆ ಶಿಲೀಂಧ್ರ ಮನೆಯ ತುಳಸಿಗೆ ಏನೂ ಮಾಡುವುದಿಲ್ಲ, ಆದರೆ ಕುಂಡದ ಗಿಡಗಳಿಗೆ ಅವುಗಳದೇ ಬೇರುಕೊಳೆ ಶಿಲೀಂಧ್ರಗಳಿವೆ, ಬದನೆ, ಟೊಮೆಟೊ ಹೊಲದ ಮಣ್ಣಿನ ಜೊತೆ ಬರುವ ಬೇರುಗಂಟಿನ ಜಂತುಗಳಿವೆ. ಇವಕ್ಕೆ ಮದ್ದು ನಮ್ಮ ಬಿಸಿಲೇ. ಮಾರ್ಚ್ ಕೊನೆಯಲ್ಲಿ ಹಳೆಯ ಮಣ್ಣನ್ನು ತಾರಸಿಯ ಮೇಲೆ ಗೇಣಿಗಿಂತ ಕಡಿಮೆ ದಪ್ಪಕ್ಕೆ ಹರಡಿ, ನೀರು ಚಿಮುಕಿಸಿ, ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಹೊದಿಸಿ ಅಂಚಿಗೆ ಕಲ್ಲು ಇಡಿ. ನಾಲ್ಕರಿಂದ ಆರು ವಾರ ಹಾಗೆ ಕಾದ ಮಣ್ಣಿನಲ್ಲಿ ಬಹುಪಾಲು ರೋಗಾಣುಗಳೂ ಕಳೆಬೀಜಗಳೂ ಸಾಯುತ್ತವೆ. ಕೃತ್ತಿಕೆ ಹುಟ್ಟುವ ಹೊತ್ತಿಗೆ ಮಣ್ಣು ತಯಾರಾಗಿರುತ್ತದೆ. ಕಪ್ಪು ಹಾಳೆಗಿಂತ ಪಾರದರ್ಶಕ ಹಾಳೆಯಲ್ಲಿ ಮಣ್ಣು ಹೆಚ್ಚು ಕಾಯುತ್ತದೆ, ಅದನ್ನೇ ಬಳಸಿ.

ತುಳಸಿಯ ಮಾತು ಬೇರೆ. ಅನೇಕ ಮನೆಗಳ ಬೃಂದಾವನ ಕಟ್ಟುವಾಗ ಮೇಸ್ತ್ರಿ ತಳಕ್ಕೂ ಸಿಮೆಂಟ್ ಹಾಕಿಬಿಟ್ಟಿರುತ್ತಾನೆ, ನೀರು ಹೋಗಲು ದಾರಿಯೇ ಇರುವುದಿಲ್ಲ. ದಿನವೂ ಭಕ್ತಿಯಿಂದ ಒಂದು ಚೊಂಬು ನೀರು, ಹಬ್ಬದ ದಿನ ಹಾಲು, ಅರಿಸಿನ ಕುಂಕುಮ. ಗಿಡ ಒಣಗಿದಾಗ ಮನೆಗೆ ಅಶುಭವೇನೋ ಎಂದು ಹೆಣ್ಣುಮಕ್ಕಳು ಕೊರಗುತ್ತಾರೆ. ಅದು ಅಶುಭವಲ್ಲ, ನಿಂತ ನೀರು. ಕಟ್ಟೆಯ ಬುಡದಲ್ಲಿ ಒಂದು ತೂತು ಕೊರೆಸಿ, ಪೂಜೆಯ ನೀರನ್ನು ಉದ್ಧರಣೆಯಲ್ಲಿ ಅರ್ಪಿಸಿ, ಹಾಲು ತುಪ್ಪವನ್ನು ಬುಡಕ್ಕೆ ಸುರಿಯದಿರಿ. ಇನ್ನೊಂದು ಮಾತು: ತುಳಸಿ ಬಹಳ ವರ್ಷ ಬಾಳುವ ಗಿಡವಲ್ಲ. ಎರಡು ಮೂರು ವರ್ಷಕ್ಕೆ ಕಾಂಡ ಕಟ್ಟಿಗೆಯಾಗುತ್ತದೆ, ಅಂಥದ್ದನ್ನು ಕಿತ್ತು ಕುಂಡ ಬದಲಿಸಿದರೆ ಹಿಡಿಯುವುದು ಅಪರೂಪ. ಒಣಗಿದ ಕದಿರಿನ ಬೀಜವನ್ನು ಮುಂಗಾರಿನಲ್ಲೇ ಪಕ್ಕದ ಕುಂಡಕ್ಕೆ ಉದುರಿಸಿದರೆ ಕಾರ್ತಿಕದ ಉತ್ಥಾನ ದ್ವಾದಶಿಯ ಹೊತ್ತಿಗೆ ಪೂಜೆಗೆ ಎಳೆಯ ಗಿಡ ನಿಂತಿರುತ್ತದೆ.

ದಸರೆಗೆ ಮೈಸೂರಿನ ಕುಪ್ಪಣ್ಣ ಪಾರ್ಕಿನ ಫಲಪುಷ್ಪ ಪ್ರದರ್ಶನ ನೋಡಿ, ಚಾಮರಾಜನಗರದ ರೈಲಿನಲ್ಲಿ ತೊಡೆಯ ಮೇಲೆ ಗಿಡ ಇಟ್ಟುಕೊಂಡು ಊರಿಗೆ ಬರುವವರಿದ್ದಾರೆ. ತಂದ ಗಿಡದ ಕುಂಡವನ್ನು ಅಂದೇ ಬದಲಿಸಬೇಡಿ. ನೆರಳುಬಲೆಯಿಂದ ನಮ್ಮ ಜಗಲಿಗೆ ಬಂದದ್ದೇ ಅದಕ್ಕೆ ಒಂದು ಆಘಾತ, ಎರಡು ವಾರ ಬಿಡಿ. ಬೇರಿನ ಸುತ್ತ ಜಿಗುಟು ಮಣ್ಣಿನ ಬಿಗಿಯಾದ ಉಂಡೆ ಇರುವ ಗಿಡವಾದರೆ ಮಾತ್ರ ಬಹಳ ದಿನ ಹಾಗೆ ಇಡಬಾರದು. ದೂರದ ನರ್ಸರಿಗಳಿಂದ ಲಾರಿಯಲ್ಲಿ ಬರುವ ಗಿಡಗಳನ್ನು ಹೀಗೆ ಕಟ್ಟಿ ಕಳಿಸುವುದುಂಟು. ಉಂಡೆಯನ್ನು ಅರ್ಧ ಗಂಟೆ ನೀರಿನಲ್ಲಿ ಮುಳುಗಿಸಿ, ಹೊರಗಿನ ಜಿಗುಟನ್ನು ಕೈಯಲ್ಲಿ ಸವರಿ ತೆಗೆದು ನೆಡಿ. ಇಲ್ಲದಿದ್ದರೆ ಸುತ್ತಲಿನ ಹಗುರ ಮಣ್ಣಿನಲ್ಲಿ ನೀರು ಇಳಿದುಹೋಗುತ್ತದೆ, ಉಂಡೆಯ ಒಳಗೆ ಬೇರು ಒಣಗಿಯೇ ಇರುತ್ತದೆ.

ಉಳಿದ ಗಿಡಗಳ ಬಗ್ಗೆ ಚುಟುಕಾಗಿ. ದೊಡ್ಡಪತ್ರೆಗೆ ಕುಂಡ ಬದಲಿಸುವುದಕ್ಕಿಂತ ಕಡ್ಡಿ ಮುರಿದು ಹೊಸದಾಗಿ ನೆಡುವುದೇ ಸುಲಭ. ಬ್ರಹ್ಮಕಮಲ ಎಂದು ನಾವು ಕರೆಯುವ, ರಾತ್ರಿ ಅರಳುವ ಗಿಡ ಬಿಗಿಯಾದ ಕುಂಡದಲ್ಲೇ ಚೆನ್ನಾಗಿ ಹೂಬಿಡುತ್ತದೆ, ಅದನ್ನು ಸುಮ್ಮನೆ ಬಿಡಿ. ಮಲ್ಲಿಗೆಯನ್ನು ಹೂವಿನ ಕಾಲದಲ್ಲಿ ಮುಟ್ಟದೆ ಸೆಪ್ಟೆಂಬರಿನ ಮಳೆಗೆ ಕಾಯಿರಿ. ಎತ್ತಲಾಗದಷ್ಟು ದೊಡ್ಡ ಕುಂಡವಿದ್ದರೆ ಮೇಲಿನ ಎರಡು ಇಂಚು ಮಣ್ಣನ್ನು ಕೆದಕಿ ತೆಗೆದು ಹೊಸ ಮಿಶ್ರಣ ತುಂಬಿದರೂ ನಡೆಯುತ್ತದೆ. ದೊಡ್ಡ ಕುಂಡಕ್ಕೆ ಮನೆಯಲ್ಲಿ ಜಾಗವೇ ಇಲ್ಲವೆಂದರೆ ಹೊರಗಿನ ಬೇರಿನಲ್ಲಿ ಕಾಲುಭಾಗ ಕತ್ತರಿಸಿ, ಮೇಲಿನ ಕೊಂಬೆಗಳನ್ನೂ ಅಷ್ಟೇ ಸವರಿ, ಹೊಸ ಮಣ್ಣಿನೊಂದಿಗೆ ಅದೇ ಕುಂಡಕ್ಕೆ ಇಳಿಸಿ. ಡೈಫೆನ್‌ಬೇಕಿಯಾ, ಮನಿ ಪ್ಲಾಂಟ್‌ಗಳ ರಸದಲ್ಲಿ ಸೂಜಿಯಂಥ ಆಕ್ಸಲೇಟ್ ಹರಳುಗಳಿವೆ. ಅವನ್ನು ಕತ್ತರಿಸುವಾಗ ಕೈಗೆ ಪ್ಲಾಸ್ಟಿಕ್ ಚೀಲ ಸುತ್ತಿಕೊಳ್ಳಿ, ಮಕ್ಕಳು ಬಾಯಿಗೆ ಹಾಕದಂತೆ ಚೂರುಗಳನ್ನು ಕೂಡಲೇ ಗುಡಿಸಿ.

ನೆಡುವಾಗ ಕಾಂಡ ಮೊದಲು ಎಷ್ಟು ಆಳದಲ್ಲಿತ್ತೋ ಅಷ್ಟೇ ಆಳದಲ್ಲಿರಲಿ, ಕುಂಡದ ಅಂಚಿನಿಂದ ಒಂದು ಇಂಚು ಖಾಲಿ ಇರಲಿ. ಮಣ್ಣನ್ನು ಹೆಬ್ಬೆರಳಿನಿಂದ ಗಿಡಿಯಬೇಡಿ, ಕುಂಡವನ್ನು ನೆಲಕ್ಕೆ ಎರಡು ಸಲ ಕುಟ್ಟಿದರೆ ತಾನೇ ಕೂರುತ್ತದೆ. ತಳದಿಂದ ಸೋರುವವರೆಗೆ ಒಮ್ಮೆ ನೀರು ಕೊಟ್ಟು ವಾರದ ಮಟ್ಟಿಗೆ ನೆರಳಿನಲ್ಲಿ, ಗಾಳಿ ನೇರವಾಗಿ ಹೊಡೆಯದ ಕಡೆ ಇಡಿ. ಆಮೇಲೆ ಬೆರಳು ಇಳಿಸಿ ನೋಡಿ, ಮೇಲಿನ ಇಂಚು ಒಣಗಿದ್ದರೆ ಮಾತ್ರ ನೀರು. ಒಂದೆರಡು ಎಲೆ ಉದುರುತ್ತವೆ, ಗಾಬರಿಯಾಗಿ ಗೊಬ್ಬರ ಸುರಿಯಬೇಡಿ. ಒಂದು ತಿಂಗಳು ಯಾವ ಗೊಬ್ಬರವೂ ಬೇಡ. ಹೊಸ ಚಿಗುರು ಕಂಡಿತೆಂದರೆ ಬೇರು ಹಿಡಿದಿದೆ.

ಮಣ್ಣಿನ ಬಗ್ಗೆ ಸಂದೇಹವಿದ್ದರೆ ಸುತ್ತೂರಿನಲ್ಲಿ ಜೆಎಸ್‌ಎಸ್ ಕೃಷಿ ವಿಜ್ಞಾನ ಕೇಂದ್ರವಿದೆ, ಹೊಲದ ಮಣ್ಣಿನ ಬಗ್ಗೆ ಕೇಳುವಂತೆಯೇ ಕುಂಡದ ಮಣ್ಣಿನ ಬಗ್ಗೆಯೂ ಸಂಕೋಚವಿಲ್ಲದೆ ಕೇಳಿ. ಬರುವ ಮೇ ತಿಂಗಳಲ್ಲಿ ಎರಡನೆಯ ಹದಮಳೆ ಬಿದ್ದ ಮಾರನೆಯ ಸಂಜೆ, ಎಲ್ಲ ಗಿಡಗಳನ್ನೂ ಒಟ್ಟಿಗೆ ಕೀಳದೆ, ಬಹಳ ವರ್ಷದಿಂದ ಮುಟ್ಟದ ಒಂದು ಕುಂಡವನ್ನು ಮೊದಲು ತಲೆಕೆಳಗು ಮಾಡಿ ಬೇರು ನೋಡಿ. ಉಳಿದ ಕುಂಡಗಳ ಸರದಿ ಯಾವಾಗ ಎಂಬುದನ್ನು ಅದನ್ನು ನೋಡಿಯೇ ನೀವು ಹೇಳಬಲ್ಲಿರಿ.